ಗಲ್ಲಾಪೆಟ್ಟಿಗೆಯ ಬಳಿ ನಿಂತವರ ಮಾತು



ಈ ತಿಂಗಳು ತಮ್ಮ ಮುಂದಿಡಬೇಕೆಂದಿರುವ ವಿಷಯವು ನಮ್ಮ ಗಡಿನಾಡಿಗೆ ಬಹುದೂರದ್ದು. ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ವ್ಯಾಪಾರ ಸಂಸ್ಥೆಯ ಏಳುಬೀಳಿನ ವೃತ್ತಾಂತವಿದು. ಹಳ್ಳಿಯ ಶಾಲಾಮಾಸ್ತರನಿಗೆ ಏಳು ಸಮುದ್ರದಾಚೆಯ ಅಂಗಡಿಯ ಗೊಡವೆ ಯಾತಕ್ಕೆಂದು ತಾವು ಕೇಳಬಹುದು. ನಮ್ಮ ಶಾಲೆಗಳಲ್ಲಿ ಕಲಿತ ಎಷ್ಟೋ ಮಕ್ಕಳು ಇಂದು ಮಂಗಳೂರು, ಕೊಚ್ಚಿ, ಬೆಂಗಳೂರುಗಳ ದೊಡ್ಡ ದೊಡ್ಡ ಸರಣಿ ಅಂಗಡಿಗಳಲ್ಲಿ ಕೆಲಸಕ್ಕಿದ್ದಾರೆ. ಊರಿಗೆ ಬಂದಾಗ ಅವರ ಬಾಯಿಂದ ನಾನು ಕೇಳುವ ದೂರು ಸಂಬಳದ ಕುರಿತಾಗಿರುವುದು ಕಡಿಮೆ. "ಬೇಕಾದ ಮಾಲು ಬರುವುದಿಲ್ಲ ಮಾಸ್ತರೇ, ಗಿರಾಕಿ ಬರಿಗೈಯಲ್ಲಿ ಹಿಂತಿರುಗುತ್ತಾನೆ, ಮೇಲಿನವರಿಗೆ ಹೇಳಿ ಹೇಳಿ ಸಾಕಾಯಿತು, ಕೇಳುವವರೇ ಇಲ್ಲ" ಎಂಬುದೇ ಅವರ ಸಂಕಟದ ಸಾರ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಸಿಯರ್ಸ್ ಎಂಬ ಹೆಸರು ನನಗೆ ನೆನಪಾಗುತ್ತದೆ. ನೌಕರರ ಮಾತನ್ನು ಕೇಳುವುದು ಹೇಗೆಂದು ಒಂದು ಕಾಲಕ್ಕೆ ಲೋಕಕ್ಕೆ ತೋರಿಸಿಕೊಟ್ಟ ಸಂಸ್ಥೆ ಅದು. ಅದೇ ಸಂಸ್ಥೆ ಅವಸಾನಕಾಲದಲ್ಲಿ ತನ್ನವರ ಮಾತಿಗೆ ಕಿವುಡಾಯಿತು.

ರಿಚರ್ಡ್ ಸಿಯರ್ಸ್ ಎಂಬವರು ರೈಲ್ವೆ ಸ್ಟೇಷನ್ನಿನ ನೌಕರರಾಗಿದ್ದರು. 1886ರಲ್ಲಿ ಅವರು ಜೇಬುಗಡಿಯಾರಗಳ ಚಿಲ್ಲರೆ ವ್ಯಾಪಾರವನ್ನು ಆರಂಭಿಸಿದರು. 1893ರ ಹೊತ್ತಿಗೆ ಅದು 'ಸಿಯರ್ಸ್, ರೋಬಕ್ ಮತ್ತು ಕಂಪನಿ' ಎಂಬ ಹೆಸರನ್ನು ತಳೆದು ಷಿಕಾಗೋ ನಗರದಲ್ಲಿ ನೆಲೆಯೂರಿತು. ಅಂಚೆಯ ಮೂಲಕ ಸರಕು ಮಾರುವುದು ಇವರ ಪದ್ಧತಿ. ಐನೂರು ಪುಟಗಳಿಗೂ ಮಿಕ್ಕಿದ ಸಚಿತ್ರ ಬೆಲೆಪಟ್ಟಿಯೊಂದು ಹಳ್ಳಿಯ ರೈತನ ಮನೆಗೆ ಬರುತ್ತಿತ್ತು. ಹೊಲಿಗೆಯಂತ್ರ, ನೇಗಿಲು, ಪಿಟೀಲು, ಕುದುರೆಯ ಸಜ್ಜು, ಹೆಂಗಸರ ಉಡುಪು ಎಲ್ಲಕ್ಕೂ ಅದರಲ್ಲಿ ಚಿತ್ರವೂ ಬೆಲೆಯೂ ಇರುತ್ತಿದ್ದವು. 1908ರಿಂದ 1940ರ ವರೆಗೆ ಇಡಿಯ ಮನೆಯನ್ನೇ, ಅಂದರೆ ಅಳತೆಗೆ ಕೊಯ್ದ ಮರ, ಮೊಳೆ, ಕಿಟಕಿ, ಬಣ್ಣಗಳನ್ನೆಲ್ಲ ರೈಲುಗಾಡಿಯಲ್ಲಿ ತುಂಬಿ ಕಳುಹಿಸಿಕೊಡುತ್ತಿದ್ದರು. ಇಂಥ ಸುಮಾರು ಎಪ್ಪತ್ತು ಸಾವಿರ ಮನೆಗಳು ಮಾರಾಟವಾದವೆಂದು ಲೆಕ್ಕ. ಇಂದು ದೂರವಾಣಿಯ ಪರದೆಯ ಮೇಲೆ ಬೆರಳಾಡಿಸಿ ಸಾಮಾನು ತರಿಸುವ ನಮ್ಮ ಮಕ್ಕಳಿಗೆ, ಈ ವಿದ್ಯೆ ನೂರಿಪ್ಪತ್ತು ವರ್ಷ ಹಳೆಯದೆಂದು ನಾನು ಹೇಳಿದರೆ ನಂಬಿಕೆಯಾಗುವುದಿಲ್ಲ.

ಸಿಯರ್ಸರ ತರುವಾಯ ಸಂಸ್ಥೆಯ ಚುಕ್ಕಾಣಿ ಹಿಡಿದ ಜೂಲಿಯಸ್ ರೋಸನ್‌ವಾಲ್ಡರನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯಲು ಈ ಮಾಸ್ತರನ ಮನಸ್ಸು ಒಪ್ಪದು. ಆ ದೇಶದ ದಕ್ಷಿಣ ಭಾಗದಲ್ಲಿ ಕರಿಯರ ಮಕ್ಕಳಿಗೆ ಶಾಲೆಯೆಂಬ ಹೆಸರಿಗೆ ತಕ್ಕ ಶಾಲೆ ಇರಲಿಲ್ಲ. ಬೂಕರ್ ಟಿ. ವಾಷಿಂಗ್ಟನ್ನರ ಸಲಹೆಯಂತೆ ರೋಸನ್‌ವಾಲ್ಡರು ಹಣ ನೀಡತೊಡಗಿದರು. ಆದರೆ ಪೂರ್ತಿ ಹಣವನ್ನಲ್ಲ. ಊರವರೂ ತಮ್ಮ ಪಾಲಿನ ಹಣವನ್ನೋ ಶ್ರಮವನ್ನೋ ಸೇರಿಸಬೇಕು, ಸರ್ಕಾರವೂ ತನ್ನ ಪಾಲು ಕೊಡಬೇಕು ಎಂಬುದು ನಿಯಮವಾಗಿತ್ತು. 1912ರಿಂದ 1932ರ ವರೆಗಿನ ಅವಧಿಯಲ್ಲಿ ಹದಿನೈದು ಸಂಸ್ಥಾನಗಳಲ್ಲಿ ಸುಮಾರು ಐದು ಸಾವಿರ ಶಾಲೆಗಳು ಎದ್ದುನಿಂತವು. ಕಟ್ಟಡದ ನಕ್ಷೆಗಳಲ್ಲಿ, ಮಗುವಿನ ಪುಸ್ತಕದ ಮೇಲೆ ನೆರಳು ಬೀಳದ ಹಾಗೆ ಬೆಳಕು ಯಾವ ದಿಕ್ಕಿನಿಂದ ಬರಬೇಕು, ಕಿಟಕಿಗಳು ಎಷ್ಟು ಎತ್ತರವಿರಬೇಕು ಎಂಬುದನ್ನು ಸಹ ನಿರ್ಧರಿಸಲಾಗಿತ್ತು. ಹೆಂಚು ಹಾರಿಹೋದ ಕೊಠಡಿಯ ಕುರಿತು ಮಳೆಗಾಲಕ್ಕೆ ಮೊದಲು ಅರ್ಜಿ ಬರೆದು, ಮಳೆಗಾಲ ಕಳೆದ ಮೇಲೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಪಡೆದ ಮುಖ್ಯೋಪಾಧ್ಯಾಯರು ನಮ್ಮಲ್ಲಿ ನಾನೊಬ್ಬನೇ ಅಲ್ಲ. ಆದುದರಿಂದ, ಕಿಟಕಿಯ ಎತ್ತರವನ್ನೂ ಯೋಚಿಸಿದ ಅಂಗಡಿಯ ಯಜಮಾನನೊಬ್ಬನಿದ್ದನೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

1916ರಲ್ಲಿ ಇದೇ ಸಂಸ್ಥೆಯು ನೌಕರರಿಗಾಗಿ ಲಾಭಾಂಶದ ನಿಧಿಯೊಂದನ್ನು ಸ್ಥಾಪಿಸಿತು. ನೌಕರನು ಸಂಬಳದ ಒಂದಂಶವನ್ನು ನಿಧಿಗೆ ಕಟ್ಟಿದರೆ, ಕಂಪನಿಯು ತನ್ನ ಲಾಭದಿಂದ ಇನ್ನೊಂದು ಪಾಲು ಸೇರಿಸುವುದು; ಆ ಹಣದಿಂದ ಕಂಪನಿಯ ಷೇರುಗಳನ್ನೇ ಕೊಳ್ಳುವುದು. 1950ರ ದಶಕದ ವೇಳೆಗೆ ಸಂಸ್ಥೆಯ ಸುಮಾರು ನಾಲ್ಕನೇ ಒಂದಂಶ ಷೇರುಗಳು ಈ ನಿಧಿಯ ಕೈಯಲ್ಲಿದ್ದವು. ಜೀವಮಾನವೆಲ್ಲ ಪಾತ್ರೆಯನ್ನೋ ಪಾದರಕ್ಷೆಯನ್ನೋ ಮಾರಿದ ಗುಮಾಸ್ತನು ನಿವೃತ್ತನಾಗುವಾಗ ಗೌರವದಿಂದ ಬದುಕುವಷ್ಟು ಗಂಟನ್ನು ಮನೆಗೆ ಒಯ್ಯುತ್ತಿದ್ದನು. ಅಂಗಡಿ ತನ್ನದೆಂಬ ಭಾವನೆ ಅವನಲ್ಲಿದ್ದರೆ ಅದು ಬರಿಯ ಭಾವನೆಯಾಗಿರಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 1939ರ ಸಂಗತಿಯನ್ನು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಸೈನ್ಯದಲ್ಲಿ ದುಡಿದು ಬಂದ ಜನರಲ್ ರಾಬರ್ಟ್ ವುಡ್. ಅಂಚೆ ವ್ಯಾಪಾರದ ಜೊತೆಗೆ ಊರೂರಿಗೆ ಅಂಗಡಿ ತೆರೆಯುವ ಯೋಜನೆಯನ್ನು 1925ರಲ್ಲಿ ಕೈಗೊಂಡವರು ಅವರೇ. ಅಂಗಡಿಗಳು ನೂರಾರಾದಾಗ, ಷಿಕಾಗೋದಲ್ಲಿ ಕುಳಿತವರಿಗೆ ದೂರದ ಊರಿನ ಅಂಗಡಿಯಲ್ಲಿ ನಿಂತವನ ಮನಸ್ಸು ತಿಳಿಯುವ ಬಗೆ ಹೇಗೆ? ನೌಕರರಿಗೆ ಪ್ರಶ್ನಾವಳಿ ಕೊಟ್ಟು, ಹೆಸರು ಬರೆಯದೆ ಉತ್ತರಿಸುವಂತೆ ಕೇಳುವ ಕ್ರಮವನ್ನು ಆ ವರ್ಷ ಆರಂಭಿಸಿದರು. ಮೇಲಧಿಕಾರಿ ನ್ಯಾಯವಾಗಿ ನಡೆದುಕೊಳ್ಳುವನೇ, ದೂರು ಹೇಳಿದರೆ ಆಲಿಸುವನೇ, ಈ ಅಂಗಡಿ ಬೇರೆ ಅಂಗಡಿಗಳಿಗಿಂತ ಮೇಲೋ ಕೀಳೋ ಎಂಬಂಥ ಪ್ರಶ್ನೆಗಳು. ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದ ವಿದ್ವಾಂಸರ ನೆರವಿನಿಂದ, ಕಾಗದದ ಪ್ರಶ್ನೆಗಳ ಜೊತೆಗೆ ನೌಕರರೊಡನೆ ಕುಳಿತು ಮಾತನಾಡುವ ಪದ್ಧತಿಯೂ ಸೇರಿತು. ಹನ್ನೆರಡು ವರ್ಷಗಳಲ್ಲಿ ಹೀಗೆ ವಿಚಾರಿಸಲ್ಪಟ್ಟ ನೌಕರರ ಸಂಖ್ಯೆ ಒಂದು ಲಕ್ಷದಷ್ಟು.

ಈ ಕೆಲಸದ ಹೊಣೆ ಹೊತ್ತಿದ್ದ ಜೇಮ್ಸ್ ವರ್ದಿ ಎಂಬವರು 1950ರಲ್ಲಿ ತಾವು ಕಂಡುಕೊಂಡುದನ್ನು ಪ್ರಕಟಿಸಿದರು. ಮೇಲಿನವನಿಗೂ ಕೆಳಗಿನವನಿಗೂ ನಡುವೆ ಮೆಟ್ಟಿಲುಗಳು ಹೆಚ್ಚಾದಷ್ಟೂ, ಕೆಲಸವನ್ನು ತುಂಡುತುಂಡಾಗಿ ಹಂಚಿದಷ್ಟೂ ನೌಕರನ ಉತ್ಸಾಹ ಕುಂದುತ್ತದೆ. ನಡುವಣ ಮೆಟ್ಟಿಲುಗಳನ್ನು ಕಡಿಮೆ ಮಾಡಿ ಸ್ಥಳದಲ್ಲಿರುವವನಿಗೆ ಹೊಣೆ ಕೊಟ್ಟರೆ ಕೆಲಸವೂ ಕಳೆಗಟ್ಟುತ್ತದೆ, ಮನುಷ್ಯನೂ ಬೆಳೆಯುತ್ತಾನೆ ಎಂಬುದು ಅವರ ನಿಲುವು. ಇದರಲ್ಲಿ ಸ್ವಾರ್ಥವೇ ಇರಲಿಲ್ಲವೆಂದು ನಾನು ಹೇಳಲಾರೆ. ಎಲ್ಲಿ ಅಸಮಾಧಾನ ಹೊಗೆಯಾಡುತ್ತಿದೆಯೋ ಅಲ್ಲಿ ಕಾರ್ಮಿಕ ಸಂಘ ಕಾಲಿಡದಂತೆ ಮುಂಚಿತವಾಗಿ ಎಚ್ಚರಿಕೆ ವಹಿಸುವುದಕ್ಕೂ ಈ ವಿಚಾರಣೆಗಳು ಒದಗಿದವೆಂದು ಇತಿಹಾಸಕಾರರು ತೋರಿಸಿದ್ದಾರೆ. ಇರಲಿ. ಸ್ವಾರ್ಥಕ್ಕಾಗಿ ಕೇಳಿದರೂ ಕೇಳಿದರಷ್ಟೆ. ಕೇಳಿದ್ದರಿಂದ ಎಷ್ಟೋ ಅಂಗಡಿಗಳಲ್ಲಿ ಹುಳುಕು ಬೇಗನೆ ಬಯಲಿಗೆ ಬಂದಿತು.

1973ರಲ್ಲಿ ಸಂಸ್ಥೆಯು ಷಿಕಾಗೋದಲ್ಲಿ 110 ಅಂತಸ್ತುಗಳ ಗೋಪುರವನ್ನು ಕಟ್ಟಿ ಮುಗಿಸಿತು. ಆಗ ಅದು ಪ್ರಪಂಚದಲ್ಲೇ ಅತ್ಯಂತ ಎತ್ತರದ ಕಟ್ಟಡ. ಅದರ ವಿನ್ಯಾಸ ಮಾಡಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನರು ಢಾಕಾ ನಗರದಲ್ಲಿ ಹುಟ್ಟಿದವರೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಅಷ್ಟು ಎತ್ತರ ಏರಿದ ಮೇಲೆ ನೆಲದ ಮೇಲಿನ ಅಂಗಡಿ ಮಂಜುಮಂಜಾಗಿ ಕಾಣತೊಡಗಿತೆಂದು ತೋರುತ್ತದೆ. 1980ರ ದಶಕದಲ್ಲಿ ಸಂಸ್ಥೆಯು ವಿಮೆ, ಷೇರು ದಲ್ಲಾಳಿ, ಮನೆ ಮಾರಾಟಗಳೆಂದು ಹರಡಿಕೊಳ್ಳುತ್ತಿದ್ದಾಗ ವಾಲ್‌ಮಾರ್ಟಿನಂಥ ಹೊಸಬರು ಕಡಿಮೆ ಬೆಲೆಯಿಂದ ಗಿರಾಕಿಗಳನ್ನು ಸೆಳೆದುಕೊಂಡರು. ಮೇಲಿನವರು ಗಾಬರಿಗೊಂಡು, ಮೋಟಾರು ದುರಸ್ತಿಯ ವಿಭಾಗದಲ್ಲಿ ಮೆಕ್ಯಾನಿಕ್ಕರಿಗೆ ಕಮಿಷನ್ನನ್ನೂ ಮಾರಾಟದ ಗುರಿಯನ್ನೂ ವಿಧಿಸಿದರು. ಕ್ಯಾಲಿಫೋರ್ನಿಯಾ ಸಂಸ್ಥಾನದ ಅಧಿಕಾರಿಗಳು ವೇಷಮರೆಸಿ ಕಾರುಗಳನ್ನು ಕಳುಹಿಸಿ ಪರೀಕ್ಷಿಸಿದಾಗ, ಬೇಡದ ದುರಸ್ತಿಯನ್ನು ಮಾಡಿ ಹಣ ಪಡೆಯುತ್ತಿದ್ದುದು ಪತ್ತೆಯಾಗಿ, 1992ರ ಜೂನ್‌ನಲ್ಲಿ ಬಹಿರಂಗವಾಯಿತು. ಗುರಿ ಮತ್ತು ಕಮಿಷನ್ನುಗಳ ಪದ್ಧತಿಯೇ ತಪ್ಪಿಗೆ ಎಡೆಮಾಡಿತೆಂದು ಅಂದಿನ ಅಧ್ಯಕ್ಷರು ಕೊನೆಗೆ ಒಪ್ಪಬೇಕಾಯಿತು. ಇಷ್ಟು ಮಾರಿದರೆ ಮಾತ್ರ ಹೊಟ್ಟೆಗೆ ಎಂದು ಹೇಳಿಸಿಕೊಂಡ ಮೆಕ್ಯಾನಿಕ್ಕನು ಏನು ಮಾಡಿಯಾನು? ಅದೇ ವರ್ಷ ಸಂಸ್ಥೆಗೆ ಸುಮಾರು 390 ಕೋಟಿ ಡಾಲರುಗಳ ನಷ್ಟವಾಯಿತು. ಮರುವರ್ಷ ಆ ಪ್ರಸಿದ್ಧ ಬೆಲೆಪಟ್ಟಿಯೂ ನಿಂತಿತು. ಐವತ್ತು ಸಾವಿರ ಜನರ ಕೆಲಸ ಹೋಯಿತು.

ಆ ಬಳಿಕ ಒಮ್ಮೆ ಚೇತರಿಕೆಯ ಕಾಲವೂ ಬಂದಿತು. ಆರ್ಥರ್ ಮಾರ್ಟಿನೆಜ್ ಎಂಬವರ ಆಡಳಿತದಲ್ಲಿ, ಹಳೆಯ ಪಾಠವನ್ನು ಮತ್ತೆ ತೆರೆದು ಓದಿದರು. ನೌಕರನ ಮನೋಭಾವ, ಗಿರಾಕಿಯ ತೃಪ್ತಿ, ಅಂಗಡಿಯ ಆದಾಯ ಇವು ಮೂರಕ್ಕೂ ಇರುವ ನಂಟನ್ನು ಅಳೆದು ನೋಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ನೌಕರರ ಮನೋಭಾವದ ಅಳತೆಯಲ್ಲಿ 5 ಅಂಶ ಏರಿದರೆ ಗಿರಾಕಿಗಳ ತೃಪ್ತಿಯ ಅಳತೆಯಲ್ಲಿ 1.3 ಅಂಶ ಏರುತ್ತದೆ, ಅದರ ಫಲವಾಗಿ ಆದಾಯದ ಬೆಳವಣಿಗೆ ಶೇಕಡಾ 0.5ರಷ್ಟು ಹೆಚ್ಚುತ್ತದೆ. ಮನಸ್ಸನ್ನು ಹೀಗೆ ದಶಾಂಶದಲ್ಲಿ ಅಳೆಯಬಹುದೇ ಎಂಬ ಸಂಶಯ ನನಗಿದೆ. ಆದರೂ ಲೆಕ್ಕಪತ್ರವನ್ನೇ ನಂಬುವವರಿಗೆ ಲೆಕ್ಕಪತ್ರದ ಭಾಷೆಯಲ್ಲೇ ಹೇಳಿದಂತಾಯಿತು. ವ್ಯವಹಾರಶಾಸ್ತ್ರದ ಶಾಲೆಗಳಲ್ಲಿ ಆ ಲೇಖನವನ್ನು ಪಾಠವಾಗಿ ಓದಿಸಿದರು.

ಅದಾಗಿ ಏಳು ವರ್ಷಗಳಲ್ಲಿ ಅಂಗಡಿ ಕೈಬದಲಾಯಿತು. ಎಡ್ವರ್ಡ್ ಲ್ಯಾಂಪರ್ಟ್ ಎಂಬವರು ಹಣದ ಹೂಡಿಕೆಯಲ್ಲಿ ಹೆಸರು ಮಾಡಿದವರು. ದಿವಾಳಿಯೆದ್ದಿದ್ದ ಕೆ-ಮಾರ್ಟ್ ಎಂಬ ಇನ್ನೊಂದು ಅಂಗಡಿ ಸರಣಿಯನ್ನು ಮೊದಲು ವಶಕ್ಕೆ ತೆಗೆದುಕೊಂಡು, 2005ರಲ್ಲಿ ಅದರ ಮೂಲಕ ಸಿಯರ್ಸನ್ನೂ ಕೊಂಡು ಎರಡನ್ನೂ ಒಂದುಗೂಡಿಸಿದರು. ಆಗ ಎರಡೂ ಸೇರಿ ಸುಮಾರು 3,500 ಅಂಗಡಿಗಳು, ಮೂರು ಲಕ್ಷಕ್ಕೂ ಹೆಚ್ಚು ನೌಕರರು. ಮುಂದಿನ ಎಂಟು ವರ್ಷಗಳಲ್ಲಿ, ಹಂಗಾಮಿಯಾಗಿದ್ದವರೂ ಸೇರಿ, ನಾಲ್ವರು ಮುಖ್ಯಾಧಿಕಾರಿಗಳು ಬಂದುಹೋದರು. 2013ರಲ್ಲಿ ಲ್ಯಾಂಪರ್ಟರೇ ಆ ಗಾದಿಯಲ್ಲಿ ಕುಳಿತರು. ಕುಳಿತರೆಂದರೆ ಮುಖ್ಯ ಕಛೇರಿಯಲ್ಲಲ್ಲ. ಕಛೇರಿಯು ಷಿಕಾಗೋ ಹೊರವಲಯದ ಹಾಫ್ಮನ್ ಎಸ್ಟೇಟ್ಸ್‌ನಲ್ಲಿತ್ತು. ಅವರು ಸಾವಿರಕ್ಕೂ ಹೆಚ್ಚು ಮೈಲಿಯಾಚೆ ಫ್ಲಾರಿಡಾದ ಮಯಾಮಿ ನಗರದ ಬಳಿ ಇದ್ದು, ದೂರದರ್ಶನದಂಥ ಪರದೆಯ ಮೂಲಕ ಸಭೆ ನಡೆಸುತ್ತಿದ್ದರು. ಅಧಿಕಾರಿಗಳು ಒಬ್ಬೊಬ್ಬರಾಗಿ ಪರದೆಯ ಮುಂದೆ ಬಂದು ವರದಿ ಒಪ್ಪಿಸಿ ಬೈಗುಳ ತಿಂದು ಏಳುತ್ತಿದ್ದರೆಂದು ಪತ್ರಿಕೆಗಳು ಬರೆದವು.

2008ರಲ್ಲಿ ಅವರು ಸಂಸ್ಥೆಯನ್ನು ಮೂವತ್ತಕ್ಕೂ ಹೆಚ್ಚು ಘಟಕಗಳಾಗಿ ಒಡೆದರು. ಒಂದೊಂದಕ್ಕೂ ಬೇರೆ ಮುಖ್ಯಸ್ಥ, ಬೇರೆ ಲಾಭನಷ್ಟದ ಲೆಕ್ಕ. ತಮ್ಮತಮ್ಮೊಳಗೆ ಸ್ಪರ್ಧಿಸಿದರೆ ಎಲ್ಲರೂ ಚುರುಕಾಗುವರೆಂದು ಅವರ ನಂಬಿಕೆ. ನಡೆದದ್ದು ಬೇರೆ. ಗೃಹೋಪಯೋಗಿ ಯಂತ್ರಗಳ ಘಟಕವು ಸಿಯರ್ಸಿನ ಸ್ವಂತ 'ಕೆನ್‌ಮೋರ್' ಯಂತ್ರಗಳನ್ನು ಮಾರಿದರೆ ಕೆನ್‌ಮೋರ್ ಘಟಕಕ್ಕೆ ಹಣ ತೆರಬೇಕು. ಅದಕ್ಕಾಗಿ ಪರಕೀಯ ಕಂಪನಿಯ ಯಂತ್ರಗಳನ್ನೇ ಮುಂದಿಟ್ಟು ಮಾರುವುದು ಲಾಭಕರವಾಯಿತು. ಜಾಹೀರಾತಿನ ಪುಟದಲ್ಲಿ ಜಾಗ ಪಡೆಯಲು ಘಟಕಗಳು ಹರಾಜು ಕೂಗಬೇಕಾಯಿತು. ಒಂದು ವರ್ಷ ತಾಯಂದಿರ ದಿನದ ವಿಶೇಷ ಜಾಹೀರಾತಿನ ಮುಖಪುಟವನ್ನು ಕ್ರೀಡಾಸಾಮಗ್ರಿಯವರು ಗೆದ್ದುಕೊಂಡು, ತಾಯಂದಿರ ಉಡುಗೊರೆಯ ಜಾಗದಲ್ಲಿ ಹುಡುಗರು ಓಡಿಸುವ ಪುಟ್ಟ ಮೋಟಾರ್ ಬೈಕಿನ ಚಿತ್ರವನ್ನು ಅಚ್ಚುಹಾಕಿಸಿದರು! ಶಾಲೆಯಲ್ಲಿ ಗಣಿತದ ಮೇಷ್ಟ್ರಿಗೆ ಬಾಡಿಗೆ ಕೊಟ್ಟು ಕನ್ನಡ ಪಂಡಿತರು ಕರಿಹಲಗೆ ಪಡೆಯಬೇಕೆಂದು ನಾನು ಆಜ್ಞೆ ಹೊರಡಿಸಿದರೆ ಹೇಗಾದೀತೋ ಹಾಗಾಯಿತು.

ಇಷ್ಟೆಲ್ಲ ನಡೆಯುವಾಗ ಅಂಗಡಿಯಲ್ಲಿ ನಿಂತವರು ಏನು ಕಾಣುತ್ತಿದ್ದರು? ಮಾಡು ಸೋರುತ್ತಿತ್ತು, ನೆಲದ ಮೇಲೆ ಬಕೆಟ್ಟು. ಕೆಟ್ಟ ಚಲಿಸುವ ಮೆಟ್ಟಿಲು ತಿಂಗಳಾದರೂ ರಿಪೇರಿಯಿಲ್ಲ. ಗಿರಾಕಿ ಕೇಳಿದ ಅಳತೆಯ ಅಂಗಿ ಇಲ್ಲ, ಬಿಕೋ ಎನ್ನುವ ಕಪಾಟುಗಳಿಗೆ ಪರದೆ ಇಳಿಬಿಟ್ಟು ಮರೆಮಾಡಿದ್ದ ಅಂಗಡಿಗಳೂ ಇದ್ದವು. ಹಿಂದೆ ಹತ್ತು ಜನರಿದ್ದ ವಿಭಾಗದಲ್ಲಿ ಈಗ ಒಬ್ಬನೋ ಇಬ್ಬರೋ. ಇದರ ಮೇಲೆ, ಹಣ ಕೊಡಲು ಬಂದ ಪ್ರತಿಯೊಬ್ಬ ಗಿರಾಕಿಯನ್ನೂ 2009ರಲ್ಲಿ ಆರಂಭಿಸಿದ ಸದಸ್ಯತ್ವದ ಯೋಜನೆಗೆ ಸೇರಿಸಬೇಕೆಂಬ ಒತ್ತಾಯ ಬೇರೆ. ಕೊಳ್ಳುವ ವಸ್ತುವೇ ಸಿಗದೆ ಬೇಸತ್ತು ನಿಂತವನಿಗೆ ಸದಸ್ಯನಾಗೆಂದು ಹೇಳಬೇಕಾದ ಆ ಹೆಣ್ಣುಮಗಳ ಪರಿಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಲಿ. ಬೈಸಿಕೊಳ್ಳುವವಳು ಅವಳು, ತೀರ್ಮಾನ ಕೈಗೊಂಡವರು ಗಿರಾಕಿಯ ಮುಖವನ್ನೇ ಕಂಡವರಲ್ಲ.

ನೌಕರರು ಸುಮ್ಮನಿದ್ದರೇ? ಇಲ್ಲ. ಅಂಗಡಿಯ ಮೇಲ್ವಿಚಾರಕರು ಜಿಲ್ಲೆಯವರಿಗೆ ಹೇಳಿದರು, ಜಿಲ್ಲೆಯವರು ಕಛೇರಿಗೆ ಹೇಳಿದರು. ಅಂಗಡಿಗಳ ದುರಸ್ತಿಗೆ ಹಣ ಹಾಕಬೇಕೆಂಬ ಬೇಡಿಕೆಗೆ ಮೇಲಿನಿಂದ ಬಂದ ಉತ್ತರ, ಹಣ ಹಾಕಿದರೆ ಎಷ್ಟು ಮರಳಿ ಬರುವುದೆಂದು ಮೊದಲು ಸಿದ್ಧಪಡಿಸಿ ತೋರಿಸಿ ಎಂಬ ಧಾಟಿಯದು. ಸೋರುವ ಮಾಡಿನಡಿಯಲ್ಲಿ ನಿಂತವನು ಇದಕ್ಕೆ ಯಾವ ಲೆಕ್ಕ ತೋರಿಸಿಯಾನು? ಸಂಸ್ಥೆಯೊಳಗೆ ನೌಕರರು ಪರಸ್ಪರ ಬರೆದುಕೊಳ್ಳಲೆಂದು ಗಣಕಯಂತ್ರದ ಮೇಲೆ ಒಂದು ವೇದಿಕೆಯನ್ನೂ ಏರ್ಪಡಿಸಿದ್ದರು. ನೌಕರರು ಅದರಲ್ಲಿ ಮನಬಿಚ್ಚಿ ಬರೆಯುತ್ತಿದ್ದಂತೆ, 'ಎಲೀ ವೆಕ್ಸ್ಲರ್' ಎಂಬ ಹೆಸರಿನವನೊಬ್ಬ ಅವರ ಬರಹಗಳನ್ನು ಟೀಕಿಸುತ್ತ ಉತ್ತರ ಬರೆಯುತ್ತಿದ್ದನು. ಅದು ಸಾಕ್ಷಾತ್ ಯಜಮಾನರದೇ ಗುಪ್ತನಾಮವೆಂಬ ಸುದ್ದಿ ಹೊರಬಿದ್ದಿತು. 2013ರಲ್ಲಿ ಪತ್ರಿಕೆಯಲ್ಲೂ ಪ್ರಕಟವಾಯಿತು. ಆಮೇಲೆ ಅಲ್ಲಿ ಮನಬಿಚ್ಚಿ ಬರೆಯುವ ಧೈರ್ಯ ಯಾರಿಗೆ? 1939ರಲ್ಲಿ ಹೆಸರು ಮರೆಮಾಡಿಕೊಳ್ಳುವ ಅವಕಾಶ ನೌಕರನಿಗಿತ್ತು. ಈಗ ಹೆಸರು ಮರೆಮಾಡಿಕೊಂಡವರು ಒಡೆಯರು. ಪೂರ್ವದ ರಾಜರೂ ಮಾರುವೇಷದಲ್ಲಿ ಸುತ್ತುತ್ತಿದ್ದರೆಂಬ ಕಥೆಗಳಿವೆಯಷ್ಟೆ. ಅವರು ಪ್ರಜೆಗಳ ಜಗಲಿಯ ಮರೆಯಲ್ಲಿ ನಿಂತು ಆಲಿಸುತ್ತಿದ್ದರು, ವಾದಕ್ಕೆ ಇಳಿಯುತ್ತಿರಲಿಲ್ಲ.

ಹಣವೇ ಇರಲಿಲ್ಲವೆಂದು ಹೇಳುವಂತಿಲ್ಲ. 2005ರ ಅನಂತರದ ವರ್ಷಗಳಲ್ಲಿ ಸಂಸ್ಥೆಯು ತನ್ನದೇ ಷೇರುಗಳನ್ನು ಮಾರುಕಟ್ಟೆಯಿಂದ ಮರಳಿ ಕೊಳ್ಳಲು ವೆಚ್ಚ ಮಾಡಿದ ಮೊತ್ತ ಸುಮಾರು 600 ಕೋಟಿ ಡಾಲರುಗಳು. ಹೀಗೆ ಮಾಡಿದರೆ ಉಳಿದ ಷೇರುಗಳ ಬೆಲೆ ಏರುವುದೆಂದು ಲೆಕ್ಕ. ಮಾಡಿನ ಹೊದಿಕೆಗೂ ಗೋಡೆಯ ಬಣ್ಣಕ್ಕೂ ಪ್ರತಿಸ್ಪರ್ಧಿಗಳು ವೆಚ್ಚ ಮಾಡುತ್ತಿದ್ದುದರ ಒಂದು ಸಣ್ಣ ಅಂಶ ಮಾತ್ರ ಇಲ್ಲಿ ಖರ್ಚಾಯಿತು. 2015ರಲ್ಲಿ 235 ಅಂಗಡಿಗಳ ಆಸ್ತಿಯನ್ನು 270 ಕೋಟಿ ಡಾಲರಿಗೆ ಬೇರೊಂದು ಕಂಪನಿಗೆ ಮಾರಲಾಯಿತು. ಆ ಕಂಪನಿಯ ಅಧ್ಯಕ್ಷರೂ ಲ್ಯಾಂಪರ್ಟರೇ. ತನ್ನದೇ ಆಗಿದ್ದ ಕಟ್ಟಡಗಳಿಗೆ ಅಂಗಡಿ ಅಂದಿನಿಂದ ಬಾಡಿಗೆ ತೆರತೊಡಗಿತು. 2017ರಲ್ಲಿ ಪ್ರಸಿದ್ಧ 'ಕ್ರಾಫ್ಟ್ಸ್‌ಮನ್' ಉಪಕರಣಗಳ ಹೆಸರನ್ನೂ ಮಾರಿದರು. ಲ್ಯಾಂಪರ್ಟರ ಪಕ್ಷದಲ್ಲಿ ಹೇಳತಕ್ಕದ್ದೂ ಉಂಟು. ಕಾಲ ಬದಲಾಗಿತ್ತು, ಅಮೆಜಾನಿನ ಎದುರು ಎಷ್ಟೋ ಅಂಗಡಿಗಳು ಮಣ್ಣುಪಾಲಾದವು. ಮುಳುಗುತ್ತಿದ್ದ ಸಂಸ್ಥೆಗೆ ಅವರ ಹೂಡಿಕೆ ಸಂಸ್ಥೆ 200 ಕೋಟಿ ಡಾಲರಿಗೂ ಮಿಕ್ಕಿ ಸಾಲ ಕೊಟ್ಟಿತ್ತು, ನಷ್ಟವನ್ನೂ ಅನುಭವಿಸಿತು. ಕೇಳಿದ್ದರೆ ಅಂಗಡಿ ಉಳಿದೇ ಉಳಿಯುತ್ತಿತ್ತೆಂದು ನಾನು ವಾದಿಸುವುದಿಲ್ಲ. ಮಾಡು ಸೋರುತ್ತಿರುವುದನ್ನು ತಿಳಿಯಲು ಮಾತ್ರ ಅರ್ಥಶಾಸ್ತ್ರ ಬೇಕಾಗಿರಲಿಲ್ಲ. ತಿಳಿದವರು ಹೇಳುತ್ತಲೂ ಇದ್ದರು.

2018ರ ಅಕ್ಟೋಬರ್ 15ರಂದು ಸಂಸ್ಥೆಯು ದಿವಾಳಿ ಅರ್ಜಿ ಸಲ್ಲಿಸಿತು. ಆ ದಿನ ಉಳಿದಿದ್ದವು ಸುಮಾರು 687 ಅಂಗಡಿಗಳು, 68,000 ನೌಕರರು. ಆಮೇಲಿನ ಸಂಗತಿಗಳನ್ನು ಬರೆಯುವಾಗ ಲೇಖನಿ ಭಾರವಾಗುತ್ತದೆ. ಅಂಗಡಿ ಮುಚ್ಚಿ ಮನೆಗೆ ಕಳುಹಿಸಲ್ಪಟ್ಟಿದ್ದ ಎಷ್ಟೋ ಮಂದಿಗೆ ವಾರವಾರವೂ ಬರಬೇಕಾಗಿದ್ದ ಪರಿಹಾರದ ಹಣ ಹಠಾತ್ತನೆ ನಿಂತಿತು. ಅದೇ ಡಿಸೆಂಬರಿನಲ್ಲಿ, ಮೇಲ್ದರ್ಜೆಯ ಅಧಿಕಾರಿಗಳನ್ನು ಉಳಿಸಿಕೊಳ್ಳುವುದಕ್ಕೆಂದು 2.5 ಕೋಟಿ ಡಾಲರುಗಳ ವರೆಗೆ ಬೋನಸ್ ಕೊಡಲು ನ್ಯಾಯಾಲಯವು ಅನುಮತಿ ನೀಡಿತು. 2019ರ ಫೆಬ್ರವರಿಯಲ್ಲಿ ಲ್ಯಾಂಪರ್ಟರು ಸುಮಾರು 520 ಕೋಟಿ ಡಾಲರಿನ ವ್ಯವಸ್ಥೆಯಲ್ಲಿ ಉಳಿದ 425 ಅಂಗಡಿಗಳನ್ನು ಮತ್ತೆ ತಾವೇ ಕೊಂಡರು. ಹಳೆಯ ಸಂಸ್ಥೆಯ ಸಾಲಗಾರರ ಪರವಾಗಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಅವರು ಆರೋಪಗಳನ್ನು ನಿರಾಕರಿಸಿದರು. ಕೊನೆಗೆ 2022ರಲ್ಲಿ, ಅವರೂ ಇತರ ಪ್ರತಿವಾದಿಗಳೂ ಸೇರಿ 17.5 ಕೋಟಿ ಡಾಲರು ಕೊಡುವ ಒಪ್ಪಂದದಲ್ಲಿ ಅದು ಮುಗಿಯಿತು.

ಸುಮಾರು ತೊಂಬತ್ತು ಸಾವಿರ ಮಂದಿಯ ಪಿಂಚಣಿಯ ಹೊಣೆಯನ್ನು ಅಲ್ಲಿನ ಸರ್ಕಾರದ ಪಿಂಚಣಿ ರಕ್ಷಣಾ ನಿಗಮವು ವಹಿಸಿಕೊಂಡಿತು, ಅದೊಂದು ಪುಣ್ಯ. ಆದರೆ ನಿವೃತ್ತ ನೌಕರರಿಗೆ ಸಂಸ್ಥೆಯು ಮಾಡಿಕೊಟ್ಟಿದ್ದ ಜೀವವಿಮೆ 2019ರ ಮಾರ್ಚಿಗೆ ರದ್ದಾಯಿತು. ಅವರಲ್ಲಿ ಲಾಭಾಂಶದ ನಿಧಿಯ ಕಾಲವನ್ನು ಕಂಡವರಿದ್ದರು; ಮೂವತ್ತು ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ ನಿಂತವರಿದ್ದರು. ತಮ್ಮ ಉತ್ತರಕ್ರಿಯೆಯ ಖರ್ಚಿಗಾದೀತೆಂದು ಆ ವಿಮೆಯನ್ನು ನಂಬಿಕೊಂಡಿದ್ದವರು, ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿ ಹೊಸ ವಿಮೆಗಾಗಿ ಯಾರ ಬಾಗಿಲು ತಟ್ಟಬೇಕು? ಸಂಸ್ಥೆಗೆ ಬರೆದರು, ನ್ಯಾಯಾಲಯಕ್ಕೂ ಕೈಬರಹದ ಕಾಗದಗಳನ್ನು ಕಳುಹಿಸಿದರು. ಹಾಫ್ಮನ್ ಎಸ್ಟೇಟ್ಸ್‌ನ ಆ ವಿಶಾಲ ಕಛೇರಿ ಕೆಲವೇ ವರ್ಷಗಳಲ್ಲಿ ಬರಿದಾಯಿತು. 2023ರಲ್ಲಿ ಅದನ್ನು ಕೊಂಡವರು ಕಟ್ಟಡವನ್ನು ಕೆಡವಿಸಿ, ಆ ಜಾಗದಲ್ಲಿ ಗಣಕಯಂತ್ರಗಳ ದತ್ತಾಂಶ ಕೇಂದ್ರವನ್ನು ಕಟ್ಟಲು ಆರಂಭಿಸಿದರು. ಸಿಯರ್ಸ್ ಎಂಬ ಫಲಕವಿರುವ ಅಂಗಡಿಗಳು ಈಗ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.